ಅರ್ಧ ಹೃದಯ, ನಂಬರು 16516: ಒಂದು ಬಟ್ಟೆ ತುಂಡಿನ ಪ್ರಕರಣ

ಚಿಕ್ಕದೊಂದು ಬಟ್ಟೆ. ಒಂದೇ ಥಾನಿನಿಂದ ಕತ್ತರಿಸಿದ್ದಲ್ಲ. ಬೇರೆ ಬೇರೆ ಬಟ್ಟೆಗಳ ಚೂರುಗಳನ್ನು ಅಂಚಿಗೆ ಅಂಚು ಸೇರಿಸಿ ಹೊಲಿದದ್ದು. ಕೆಲವು ಚೂರುಗಳ ಮೇಲೆ ಅಚ್ಚಿನ ಚಿತ್ತಾರ ಇದೆ, ಕೆಲವಕ್ಕೆ ನೇಯ್ಗೆಯಲ್ಲೇ ಬಂದ ಚಿತ್ತಾರ. ಅದರ ಮೇಲೆ ಕೆಂಪು ದಾರದಲ್ಲಿ ಒಂದು ಹೃದಯ, ಎಸ್ ಮತ್ತು ಸಿ ಅನ್ನುವ ಎರಡು ಇಂಗ್ಲಿಷ್ ಅಕ್ಷರ. ಆ ಹೃದಯ ಪೂರ್ತಿಯಾಗಿಲ್ಲ. ಯಾರೋ ನಡುವೆ ಕತ್ತರಿ ಆಡಿಸಿ ಎರಡು ಮಾಡಿದ್ದಾರೆ. ಒಂದು ಅರ್ಧ ಲಂಡನ್ನಿನ ಒಂದು ಸಂಸ್ಥೆಯ ದಾಖಲೆ ಪುಸ್ತಕದಲ್ಲಿ ಉಳಿಯಿತು. ಇನ್ನೊಂದು ಅರ್ಧ ಒಬ್ಬ ತಾಯಿಯ ಹತ್ತಿರ ಹೋಯಿತು.

ತಾಯಿಯ ಹೆಸರು ಸಾರಾ ಬೆಂಡರ್. ಮಗು ಗಂಡು, ಹೆಸರು ಚಾರ್ಲ್ಸ್. 1767ರ ಫೆಬ್ರವರಿ 11ರಂದು ಆ ಮಗು ಲಂಡನ್ನಿನ ಫೌಂಡ್ಲಿಂಗ್ ಹಾಸ್ಪಿಟಲ್‌ಗೆ ಸೇರಿತು. ಅಲ್ಲಿ ಅದಕ್ಕೆ 16516 ಅನ್ನುವ ನಂಬರು ಸಿಕ್ಕಿತು. ಬೆಂಜಮಿನ್ ಟ್ವರ್ಲ್ ಅಂತ ಹೊಸ ಹೆಸರೂ ಸಿಕ್ಕಿತು.

ಈ ಪ್ರಕರಣವನ್ನು ನಾನು ಹಲವು ವರ್ಷಗಳಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಜವಳಿ ಕಲೆಯ ಬಗ್ಗೆ ಮಾತು ಬಂದಾಗಲೆಲ್ಲ ದೊಡ್ಡ ಕಲಾವಿದರ ಹೆಸರು ಬರುತ್ತದೆ. ಗುರುತಿನ ಚೀಟಿ, ಪಾಸ್‌ಪೋರ್ಟು, ಜನನ ಪತ್ರಗಳ ಮೇಲೆ ಕಸೂತಿ ಹಾಕುವ ಇವತ್ತಿನವರ ಕೆಲಸವೂ ಚರ್ಚೆಗೆ ಬರುತ್ತದೆ. ಅವರ ಕೆಲಸದ ಬಗ್ಗೆ ನನಗೆ ಗೌರವ ಇದೆ. ಆದರೆ ಸರ್ಕಾರಿ ಥರದ ಒಂದು ಕಾಗದಕ್ಕೆ ಬಟ್ಟೆ ಮುಖಾಮುಖಿ ನಿಂತದ್ದನ್ನು ನೋಡಬೇಕು ಅಂದರೆ ನನ್ನ ಮಟ್ಟಿಗೆ ಈ ಅರ್ಧ ಹೃದಯಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಮಗು ಬಿಟ್ಟುಹೋಗುವ ಮನೆ

ಹೆಸರಿನಲ್ಲಿ ಹಾಸ್ಪಿಟಲ್ ಅಂತ ಇದ್ದರೂ ಅದು ರೋಗಿಗಳ ಆಸ್ಪತ್ರೆಯಲ್ಲ. ತಾಯಂದಿರು ಸಾಕಲಾಗದೆ ಬಿಟ್ಟ ಕೂಸುಗಳನ್ನು ಸಾಕುವ ಮನೆ. ಅದನ್ನು ಶುರು ಮಾಡಿದವರು ಥಾಮಸ್ ಕೋರಮ್. ಹಡಗಿನ ಕೆಲಸದಲ್ಲಿ ಬದುಕು ಕಳೆದು ಲಂಡನ್ನಿಗೆ ಬಂದು ನೆಲೆಸಿದ ಮನುಷ್ಯ. ರಸ್ತೆ ಬದಿಯಲ್ಲಿ ಬಿಟ್ಟುಹೋದ ಕೂಸುಗಳನ್ನು, ಕೆಲವೊಮ್ಮೆ ಸತ್ತ ಕೂಸುಗಳನ್ನು, ದಿನವೂ ನೋಡಿ ಸಹಿಸಲಾಗದೆ 17 ವರ್ಷ ಶ್ರೀಮಂತರ ಬಾಗಿಲು ತಟ್ಟಿದರು. 1739ರಲ್ಲಿ ರಾಜನ ಸನದು ಸಿಕ್ಕಿತು. 1741ರ ಮಾರ್ಚ್ 25ರ ರಾತ್ರಿ ಮೊದಲ ಮಕ್ಕಳನ್ನು ತೆಗೆದುಕೊಂಡರು. ಮೊದಲ ಗಂಡು ಮಗುವಿಗೆ ಥಾಮಸ್ ಕೋರಮ್ ಅಂತಲೇ ಹೆಸರಿಟ್ಟರು, ಹೆಣ್ಣು ಮಗುವಿಗೆ ಅವರ ಹೆಂಡತಿಯ ಹೆಸರು, ಯೂನಿಸ್ ಕೋರಮ್. ಚಿತ್ರಕಾರ ವಿಲಿಯಂ ಹೋಗಾರ್ತ್ ಆಡಳಿತ ಮಂಡಳಿಯಲ್ಲಿದ್ದರು, ಮಕ್ಕಳ ಸಮವಸ್ತ್ರ ಹೇಗಿರಬೇಕು ಅಂತ ತೋರಿಸಿದವರೂ ಅವರೇ. ಸಂಗೀತಗಾರ ಹ್ಯಾಂಡೆಲ್ ಈ ಮನೆಗಾಗಿ ಕಚೇರಿ ನಡೆಸಿ ಹಣ ಕೂಡಿಸಿಕೊಟ್ಟರು.

ಬೇಗನೆ ಜಾಗ ಸಾಲದಾಯಿತು. ಬಾಗಿಲಲ್ಲಿ ಹೆಂಗಸರ ನೂಕುನುಗ್ಗಲು. ಆಗ ಚೀಲದಿಂದ ಚೆಂಡು ಎತ್ತುವ ಪದ್ಧತಿ ಬಂತು. ಬಿಳಿ ಚೆಂಡು ಬಂದರೆ ಮಗುವನ್ನು ಪರೀಕ್ಷೆ ಮಾಡಿ ಒಳಗೆ ತೆಗೆದುಕೊಳ್ಳುತ್ತಾರೆ. ಕಪ್ಪು ಬಂದರೆ ವಾಪಸ್. ಕೆಂಪು ಬಂದರೆ ಕಾಯಬೇಕು, ಬಿಳಿ ಸಿಕ್ಕವರ ಮಗು ಯಾವುದಾದರೂ ತಿರಸ್ಕಾರವಾದರೆ ಇವರಿಗೆ ಅವಕಾಶ. ಹಸುಗೂಸನ್ನು ಎದೆಗೆ ಒತ್ತಿಕೊಂಡು ಚೀಲದೊಳಗೆ ಕೈ ಹಾಕುವ ಆ ಗಳಿಗೆಯನ್ನು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

1756ರಲ್ಲಿ ಪಾರ್ಲಿಮೆಂಟು ಹಣ ಕೊಟ್ಟಿತು. ಜೊತೆಗೆ ಒಂದು ಷರತ್ತು: ಬಂದ ಮಗುವನ್ನು ಯಾವುದನ್ನೂ ವಾಪಸ್ ಕಳಿಸುವಂತಿಲ್ಲ. ಮೊದಲ ದಿನವೇ 117 ಮಕ್ಕಳು ಬಂದವು. 1760ರಲ್ಲಿ ಆ ಹಣ ನಿಲ್ಲುವ ಹೊತ್ತಿಗೆ 14,934 ಮಕ್ಕಳು ಬಂದಿದ್ದವು. ಅವುಗಳಲ್ಲಿ ಕೆಲಸ ಕಲಿಯುವ ವಯಸ್ಸಿನವರೆಗೆ ಬದುಕಿದ್ದು ಸುಮಾರು 4,400 ಮಾತ್ರ. ಸಾರಾ ತನ್ನ ಮಗನನ್ನು ತಂದಾಗ ಆ ನೂಕಾಟದ ಕಾಲ ಮುಗಿದಿತ್ತು. ಈಗ ಕೆಲವೇ ಮಕ್ಕಳನ್ನು, ಅರ್ಜಿ ನೋಡಿ ತೆಗೆದುಕೊಳ್ಳುತ್ತಿದ್ದರು.

ಫಾರಂ ಏನು ಕೇಳುತ್ತಿತ್ತು

ಮಗು ಒಳಗೆ ಬಂದ ಕೂಡಲೇ ಗುಮಾಸ್ತ ಒಂದು ಅಚ್ಚಾದ ಫಾರಂ ತೆಗೆಯುತ್ತಿದ್ದ. ತಾರೀಖು, ಗಂಡೋ ಹೆಣ್ಣೋ, ಎಷ್ಟು ದಿನದ ಕೂಸು. ಅದರ ಕೆಳಗೆ ಒಂದು ಉದ್ದದ ಪಟ್ಟಿ. ಅದರಲ್ಲಿ ಇದ್ದದ್ದೆಲ್ಲ ಬಟ್ಟೆಗಳ ಹೆಸರು! ಟೊಪ್ಪಿಗೆ, ಒಳಟೊಪ್ಪಿಗೆ, ಹಣೆಪಟ್ಟಿ, ಎದೆಬಟ್ಟೆ, ಅಂಗಿ, ಲಂಗ, ಬೇರೆಯಾಗಿ ಕಟ್ಟುವ ತೋಳು, ಹೊದಿಕೆ, ಕಂಬಳಿ, ಹೊಟ್ಟೆಗೆ ಸುತ್ತುವ ಪಟ್ಟಿ, ಲಂಗೋಟಿ, ಕಾಲುಚೀಲ, ಬೂಟು. ಪ್ರತಿಯೊಂದರ ಮುಂದೆ ಖಾಲಿ ಜಾಗ. ಕೊನೆಗೆ ಮೈಮೇಲಿನ ಗುರುತು ಏನಿದೆ ಅಂತ ಒಂದು ಸಾಲು.

ತಾಯಿಯ ಹೆಸರು ಬರೆಯಲು ಆ ಫಾರಮ್ಮಿನಲ್ಲಿ ಜಾಗ ಇರಲಿಲ್ಲ. ಬೇಕೆಂದೇ ಇಟ್ಟಿರಲಿಲ್ಲ. ಮದುವೆಯಿಲ್ಲದೆ ಹೆತ್ತವಳ ಮರ್ಯಾದೆ ಉಳಿಯಬೇಕು, ಅವಳು ಮತ್ತೆ ಎಲ್ಲಾದರೂ ಕೆಲಸಕ್ಕೆ ಸೇರಿ ಬದುಕಬೇಕು ಅನ್ನುವುದು ಉದ್ದೇಶ. ಒಳ್ಳೆಯ ಉದ್ದೇಶವೇ. ಆದರೆ ಅದರ ಬೆಲೆ ದೊಡ್ಡದು. ಹೆಸರು ಬರೆಯದಿದ್ದರೆ ನಾಳೆ ಬಂದು ನನ್ನ ಮಗು ಕೊಡಿ ಅಂದರೆ ಯಾವ ಮಗು ಅಂತ ಗೊತ್ತಾಗುವುದು ಹೇಗೆ?

ಅದಕ್ಕೇ ಗುರುತು ಬೇಕಾಯಿತು. ಮಗುವಿನ ಜೊತೆ ಬರಹವೋ ವಸ್ತುವೋ ಏನಾದರೂ ಇಟ್ಟರೆ ಅದನ್ನು ಜೋಪಾನ ಮಾಡುತ್ತೇವೆ ಅಂತ ಸಂಸ್ಥೆ ಹೇಳಿತ್ತು. ಕೆಲವರು ನಾಣ್ಯ ಇಟ್ಟರು, ಕೆಲವರು ಅರ್ಧ ಹರಿದ ಇಸ್ಪೀಟ್ ಎಲೆ ಇಟ್ಟರು. ಅತಿ ಹೆಚ್ಚು ಉಳಿದಿರುವುದು ಬಟ್ಟೆ. ತಾಯಿ ಕೊಟ್ಟದ್ದೋ, ಗುಮಾಸ್ತ ಮಗುವಿನ ಮೈಮೇಲಿನಿಂದ ಕತ್ತರಿಸಿದ್ದೋ, ಒಂದು ತುಂಡನ್ನು ಫಾರಮ್ಮಿಗೆ ಗುಂಡುಪಿನ್ನಿನಿಂದ ಚುಚ್ಚಿ, ಕಾಗದ ಮಡಿಸಿ, ಹೊರಗೆ ನಂಬರು ಬರೆದು ಇಡುತ್ತಿದ್ದರು. ಅದೇ ನಂಬರಿನ ಸೀಸದ ಬಿಲ್ಲೆಯನ್ನು ಮಗುವಿನ ಕೊರಳಿಗೆ ಕಟ್ಟುತ್ತಿದ್ದರು. ಆಮೇಲೆ ಹೊಸ ಹೆಸರಿಟ್ಟು ದೀಕ್ಷಾಸ್ನಾನ ಮಾಡಿಸುತ್ತಿದ್ದರು. ತಾಯಿ ಇಟ್ಟಿದ್ದ ಹೆಸರು ಅಲ್ಲಿಗೆ ಮುಗಿಯಿತು.

ಆ ದಿನ ಚಾರ್ಲ್ಸ್ ಅನ್ನುವ ಕೂಸಿಗೆ ಏನಾಯಿತು ನೋಡಿ. ಸಂಸ್ಥೆಯ ಲೆಕ್ಕಕ್ಕೆ ಅವನು 16516. ಚರ್ಚಿನ ಲೆಕ್ಕಕ್ಕೆ ಬೆಂಜಮಿನ್ ಟ್ವರ್ಲ್. ತಾಯಿಯ ಲೆಕ್ಕಕ್ಕೆ ಚಾರ್ಲ್ಸ್. ಒಂದೇ ಮಗುವಿಗೆ ಮೂರು ಗುರುತು. ಮೂರನ್ನೂ ಒಟ್ಟಿಗೆ ಹಿಡಿದು ನಿಂತದ್ದು ಆ ಬಟ್ಟೆ ಒಂದೇ.

ಯಾರ ಕತ್ತರಿ?

ಇಲ್ಲಿ ಒಂದು ಎಚ್ಚರಿಕೆ ಬೇಕು. ಈ ದಾಖಲೆಗಳಲ್ಲಿ ಸುಮಾರು 5,000 ಬಟ್ಟೆ ತುಂಡುಗಳು ಉಳಿದಿವೆ. 18ನೇ ಶತಮಾನದ ಬ್ರಿಟನ್ನಿನ ಸಾಮಾನ್ಯರ ಬಟ್ಟೆಗಳ ಇಷ್ಟು ದೊಡ್ಡ ಸಂಗ್ರಹ ಬೇರೆಲ್ಲೂ ಇಲ್ಲ. ಅವನ್ನು ನೋಡಿದವರಿಗೆ ಕಣ್ಣು ತುಂಬುತ್ತದೆ. ಪ್ರತಿ ತುಂಡೂ ಒಬ್ಬ ತಾಯಿಯ ಕಣ್ಣೀರು ಅನ್ನಿಸಿಬಿಡುತ್ತದೆ. ಆದರೆ ಎಲ್ಲವೂ ಹಾಗಲ್ಲ. ಎಷ್ಟೋ ತುಂಡುಗಳನ್ನು ಕತ್ತರಿಸಿದ್ದು ಗುಮಾಸ್ತರು. ಅವರ ಪಾಲಿಗೆ ಅದು ದಿನದ ಕೆಲಸ. ಮಗುವಿನ ತೋಳಿನಿಂದಲೋ ಅಂಗಿಯಿಂದಲೋ ಚೂರು ತೆಗೆದು ಚುಚ್ಚಿ ಮುಂದಿನ ಮಗುವನ್ನು ಕರೆಯುತ್ತಿದ್ದರು. ಅಚ್ಚಿನ ಬಟ್ಟೆ ಇದ್ದರೆ ಗುರುತಿಗೆ ಸುಲಭ, ಅಷ್ಟೇ.

ಹಾಗಂತ ಅವು ಬರೀ ಕಚೇರಿ ವಸ್ತು ಅನ್ನುವುದೂ ತಪ್ಪಾಗುತ್ತದೆ. ಕೆಲವನ್ನು ಆರಿಸಿದ ಕೈ ಯಾವುದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಹಾರುವ ಹಕ್ಕಿ ಇರುವ ಬಟ್ಟೆ. ಚಿಟ್ಟೆ ಇರುವ ಬಟ್ಟೆ. ಮೊಗ್ಗು ಇರುವ ಬಟ್ಟೆ. ಕೆಂಪು ಉಣ್ಣೆಯನ್ನು ಹೃದಯದ ಆಕಾರದಲ್ಲಿ ಕತ್ತರಿಸಿದ್ದು. ನಾಲ್ಕು ಬಣ್ಣದ ರೇಷ್ಮೆ ರಿಬ್ಬನ್ನುಗಳನ್ನು ಸೇರಿಸಿ ಗಂಟು ಹಾಕಿದ್ದು. ಆಗಿನ ಇಂಗ್ಲೆಂಡಿನಲ್ಲಿ ಪ್ರೀತಿಸಿದವರು ಕೊಡುತ್ತಿದ್ದ ಕಾಣಿಕೆ ರಿಬ್ಬನ್. ಹಾಗಾಗಿ ಆ ರಿಬ್ಬನ್ನಿಗೆ ಮಾತಿತ್ತು. ಒಂದು ಮಗುವಿನ ಜೊತೆ ಬಂದ ಚೀಟಿಯಲ್ಲಿ, ಈ ಕೂಸನ್ನು ಚೆನ್ನಾಗಿ ನೋಡಿಕೊಳ್ಳಿ, ಮತ್ತೆ ಬಂದು ಕೇಳುತ್ತೇವೆ ಅಂತ ಬರೆದಿದೆ. ಆದರೆ ಹಾಗೆ ಬರೆಯಬಲ್ಲವರು ಕಡಿಮೆ. ಆ ಕಾಲದ ಇಂಗ್ಲೆಂಡಿನಲ್ಲಿ ಮದುವೆ ರಿಜಿಸ್ಟರಿನಲ್ಲಿ ಸಹಿ ಹಾಕಲು ಬಾರದ ಹೆಂಗಸರು ಅರ್ಧಕ್ಕಿಂತ ಜಾಸ್ತಿ. ನಮ್ಮಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದ ಹಾಗೆ ಅವರು ಅಲ್ಲಿ ಒಂದು ಗೀಟು ಹಾಕುತ್ತಿದ್ದರು. ಅಂಥವರ ಕೈಗೆ ಪೆನ್ನಿಗಿಂತ ಬಟ್ಟೆ ಹತ್ತಿರದ್ದು.

ಸಾರಾಳ ತುಂಡಿನ ಬಗ್ಗೆ ಮಾತ್ರ ಯಾವ ಅನುಮಾನವೂ ಬೇಡ. ಯಾವ ಗುಮಾಸ್ತನೂ ಕುಳಿತು ಚೂರುಗಳನ್ನು ಜೋಡಿಸಿ ಹೊಲಿದು ಹೃದಯ ತೆಗೆಯುವುದಿಲ್ಲ. ಅದು ಮನೆಯಲ್ಲಿ ಆದ ಕೆಲಸ. ಬಾಗಿಲಿಗೆ ಬರುವ ಮೊದಲೇ ಯೋಚನೆ ಮಾಡಿ ಮಾಡಿದ ಕೆಲಸ.

ಹಳೆ ಬಟ್ಟೆಯ ಮಾತು

ಬಟ್ಟೆಯನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ.

ಆಗ ಹಸುಗೂಸಿಗೆ ಹೊಸ ಬಟ್ಟೆ ಕೊಳ್ಳುವುದು ಬಡವರಿಗೆ ಆಗದ ಮಾತು. ದೊಡ್ಡವರ ಹಳೆ ಬಟ್ಟೆ ಕತ್ತರಿಸಿ ಕೂಸಿಗೆ ಹೊಲಿಯುತ್ತಿದ್ದರು. ತಾಯಿಯ ಲಂಗದ ಗಟ್ಟಿ ಉಳಿದ ಭಾಗ ಮಗುವಿನ ತೋಳಾಗುತ್ತಿತ್ತು. ಇದು ನಮಗೆ ಹೊಸದೇನಲ್ಲ, ಅಲ್ವಾ? ಉತ್ತರ ಕರ್ನಾಟಕದ ಕೌದಿ ಇರುವುದೇ ಹಾಗೆ. ಅಜ್ಜಿಯ ಇಳಕಲ್ ಸೀರೆ, ಅಜ್ಜನ ಧೋತರ, ಹರಿದ ಕುಪ್ಪಸ ಎಲ್ಲ ಸೇರಿ ಕೂಸಿನ ಹಾಸಿಗೆಯಾಗುತ್ತದೆ. ಹಳೆ ಬಟ್ಟೆ ಮೆತ್ತಗಿರುತ್ತದೆ, ಕೂಸಿನ ಮೈಗೆ ಚುಚ್ಚುವುದಿಲ್ಲ ಅಂತ ಹೇಳುತ್ತಾರೆ. ನಮ್ಮ ಮನೆಯ ಕೌದಿಯಲ್ಲಿ ಯಾವ ಚೂರು ಯಾರ ಸೀರೆಯದು ಅಂತ ಅಮ್ಮ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರು ಕೌದಿಯ ಮೂಲೆಗಳಿಗೆ ಬಟ್ಟೆ ಮಡಿಸಿ ಮಾಡಿದ ಹೂ ಇಟ್ಟು ಹೊಲಿಯುತ್ತಾರೆ. ಹೂ ಇಲ್ಲದಿದ್ದರೆ ಕೌದಿ ಮುಗಿದ ಹಾಗೆ ಅಲ್ಲ. ಹಾಗಾಗಿ ಚೂರು ಬಟ್ಟೆಯಲ್ಲಿ ಒಂದು ಮನೆತನದ ಗುರುತು ಇರುತ್ತದೆ ಅನ್ನುವುದನ್ನು ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ನಂಟೂ ಇದೆ. ಅಚ್ಚಿನ ಹತ್ತಿ ಬಟ್ಟೆಗೆ ನಮ್ಮ ಹಳಬರು ಚೀಟಿನ ಬಟ್ಟೆ ಅನ್ನುತ್ತಿದ್ದರು. ಇಂಗ್ಲಿಷಿನ ಚಿಂಟ್ಜ್ ಅನ್ನುವ ಮಾತೂ ಭಾರತದಿಂದಲೇ ಹೋದದ್ದು, ಅದೇ ಬೇರಿನದು. ಕೋರಮಂಡಲ ಕರಾವಳಿಯ ಮತ್ತು ಗುಜರಾತಿನ ಅಚ್ಚಿನ ಬಟ್ಟೆ ಲಂಡನ್ನಿಗೆ ಹೋಗಿ ಅಲ್ಲಿನ ಹೆಂಗಸರನ್ನು ಮರುಳು ಮಾಡಿದಾಗ ಅಲ್ಲಿನ ಉಣ್ಣೆ ಮತ್ತು ರೇಷ್ಮೆ ನೇಕಾರರು ದಂಗೆ ಎದ್ದರು. 1721ರಲ್ಲಿ ಅಚ್ಚಿನ ಹತ್ತಿ ಬಟ್ಟೆ ತೊಡುವುದನ್ನೇ ಕಾನೂನು ತಡೆಯಿತು. 1736ರಲ್ಲಿ ನಾರಗಸೆಯ, ಅಂದರೆ ಲಿನನ್ ನೂಲಿನ, ಹಾಸು ಮತ್ತು ಹತ್ತಿಯ ಹೊಕ್ಕು ಸೇರಿಸಿ ನೇಯ್ದ ಬಟ್ಟೆಗೆ ವಿನಾಯಿತಿ ಸಿಕ್ಕಿತು. ಪೂರ್ತಿ ಹತ್ತಿಯ, ಅಲ್ಲೇ ನೇಯ್ದ ಅಚ್ಚಿನ ಬಟ್ಟೆಗೆ ಒಪ್ಪಿಗೆ ಸಿಕ್ಕಿದ್ದು 1774ರಲ್ಲಿ. ಅಂದರೆ ಈ ಫಾರಮ್ಮುಗಳಿಗೆ ಚುಚ್ಚಿದ ಹೂಬಳ್ಳಿಯ ಚೂರುಗಳು ನಮ್ಮ ಚೀಟಿನ ಬಟ್ಟೆಯನ್ನು ನೋಡಿ ಅಲ್ಲಿನವರು ತಮ್ಮ ಬಡವರಿಗಾಗಿ ಮಾಡಿಕೊಂಡ ಅಗ್ಗದ ತಂಗಿಯರು. ಶ್ರೀಮಂತರ ಜರಿ ಬಟ್ಟೆಗಳನ್ನು ಅರಮನೆಗಳು ಉಳಿಸಿಕೊಂಡಿವೆ. ಪಾತ್ರೆ ತೊಳೆಯುವ ಹುಡುಗಿಯ ಲಂಗ ಉಳಿದಿರುವುದು ಇಲ್ಲಿ ಮಾತ್ರ, ಬೆರಳಗಲದ ಚೂರಾಗಿ.

ಈಗ ಅಕ್ಷರಗಳಿಗೆ ಬರೋಣ. ಆಗ ಮನೆಯ ಬಟ್ಟೆಗಳಿಗೆಲ್ಲ ಮಾಲೀಕರ ಹೆಸರಿನ ಮೊದಲಕ್ಷರವನ್ನು ದಾರದಲ್ಲಿ, ಸಾಮಾನ್ಯವಾಗಿ ಕೆಂಪು ದಾರದಲ್ಲಿ, ಹೊಲಿಯುತ್ತಿದ್ದರು. ಒಗೆಯಲು ಹೋದ ಬಟ್ಟೆ ಬೇರೆಯವರ ಬಟ್ಟೆಯೊಳಗೆ ಕಲೆಯಬಾರದು ಅಂತ. ನಮ್ಮ ಮಡಿವಾಳರು ಬಟ್ಟೆಯ ಅಂಚಿಗೆ ಗುರುತು ಹಾಕುತ್ತಿದ್ದರಲ್ಲ, ಅದೇ ಥರ. ಎಷ್ಟೋ ಹುಡುಗಿಯರು ಪೆನ್ನು ಹಿಡಿಯುವ ಮೊದಲೇ ಸೂಜಿಯಲ್ಲಿ ಅಕ್ಷರ ಕಲಿಯುತ್ತಿದ್ದರು. ಸಾರಾಳ ಎಸ್, ಚಾರ್ಲ್ಸ್‌ನ ಸಿ. ಕಳೆದುಹೋಗಬಾರದ ಬಟ್ಟೆಗೆ ಹಾಕುವ ಗುರುತನ್ನು ಅವಳು ಕಳೆದುಹೋಗಬಾರದ ಮಗುವಿಗೆ ಹಾಕಿದಳು ಅಂತ ನಾನು ಓದುತ್ತೇನೆ. ಈ ಓದು ನನ್ನದು. ಆದರೆ ಆ ಕಾಲದ ಯಾವ ಹೆಂಗಸಿಗೂ ಆ ಕೆಂಪು ಅಕ್ಷರದ ಅರ್ಥ ಹೇಳಿಕೊಡಬೇಕಾಗಿರಲಿಲ್ಲ.

ಎರಡು ಅರ್ಧ

ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಆ ಕತ್ತರಿ ಗೆರೆ.

ಒಂದು ವಸ್ತುವನ್ನು ಎರಡಾಗಿ ಮಾಡಿ ಒಬ್ಬೊಬ್ಬರು ಒಂದೊಂದು ಇಟ್ಟುಕೊಂಡು, ಮುಂದೆ ಜೋಡಿಸಿ ನೋಡಿ ನಿಜ ತಿಳಿಯುವುದು ಇಂಗ್ಲೆಂಡಿನ ಕಚೇರಿಗಳ ಹಳೇ ಪದ್ಧತಿ. ಕರಾರು ಪತ್ರವನ್ನು ಒಂದೇ ಹಾಳೆಯಲ್ಲಿ ಎರಡು ಸಲ ಬರೆದು ನಡುವೆ ಅಂಕುಡೊಂಕಾಗಿ ಕತ್ತರಿಸುತ್ತಿದ್ದರು. ಜಗಳ ಬಂದರೆ ಎರಡೂ ತುಂಡುಗಳ ಹಲ್ಲಿನಂಥ ಅಂಚು ಒಂದಕ್ಕೊಂದು ಕೂರಬೇಕು. ಅಂಥ ಪತ್ರಕ್ಕೆ ಇಂಡೆಂಚರ್ ಅನ್ನುವ ಹೆಸರು ಬಂದದ್ದೇ ಆ ಹಲ್ಲಿನಂಥ ಅಂಚಿನಿಂದ. ಸರ್ಕಾರದ ಖಜಾನೆಯಲ್ಲಿ ಕೋಲಿನ ಮೇಲೆ ಹಣದ ಲೆಕ್ಕದ ಗೀರು ಹಾಕಿ ಕೋಲನ್ನು ಉದ್ದಕ್ಕೆ ಸೀಳುತ್ತಿದ್ದರು. ಒಂದು ಸೀಳು ಕೊಟ್ಟವನಿಗೆ, ಒಂದು ಪಡೆದವನಿಗೆ. 19ನೇ ಶತಮಾನದವರೆಗೂ ಅದು ನಡೆದಿತ್ತು.

ಸಾರಾ ಮಾಡಿದ್ದು ಇದನ್ನೇ. ಸಂಸ್ಥೆ ಅವಳಿಗೆ ಒಂದು ಕರಾರು ಪತ್ರ ಕೊಡಲಿಲ್ಲ. ಅವಳೇ ಒಂದು ಮಾಡಿಕೊಂಡಳು. ಕಾಗದದ ಬದಲು ಬಟ್ಟೆ, ಬರಹದ ಬದಲು ಹೃದಯ ಮತ್ತು ಎರಡು ಅಕ್ಷರ. ಕತ್ತರಿಸಿ ಒಂದನ್ನು ಸಂಸ್ಥೆಯ ಕಡತಕ್ಕೆ ಸೇರಿಸಿದಳು, ಒಂದನ್ನು ಇಟ್ಟುಕೊಂಡಳು. ಅಲ್ಲಿಗೆ ಕರಾರಿಗೆ ಎರಡು ಪಕ್ಷ ಆಯಿತು. ನಿಮ್ಮ ಹತ್ತಿರ ಇರುವುದು ಪೂರ್ತಿ ದಾಖಲೆಯಲ್ಲ, ಉಳಿದರ್ಧ ನನ್ನ ಹತ್ತಿರ ಇದೆ ಅಂತ ಆ ತುಂಡು ಹೇಳುತ್ತಲೇ ಇತ್ತು.

ಹೊಲಿಗೆ ಗೊತ್ತಿದ್ದವರು ಇದರ ಜಾಣತನವನ್ನು ಇನ್ನೂ ಚೆನ್ನಾಗಿ ಹಿಡಿಯುತ್ತಾರೆ. ಅಂಗಡಿಯ ಒಂದೇ ಬಟ್ಟೆಯ ತುಂಡು ಇಟ್ಟರೆ ಅದೇ ಬಟ್ಟೆ ಊರಿನಲ್ಲಿ ನೂರು ಜನರ ಹತ್ತಿರ ಇರಬಹುದು. ಹಲವು ಚೂರು ಜೋಡಿಸಿ ಹೊಲಿದರೆ ಆ ಜೋಡಣೆ ಇನ್ನೊಬ್ಬರ ಹತ್ತಿರ ಇರಲು ಸಾಧ್ಯವಿಲ್ಲ. ಯಾವ ಚೂರಿನ ಪಕ್ಕ ಯಾವ ಚೂರು, ಹೊಲಿಗೆ ಎಷ್ಟು ಒತ್ತಾಗಿದೆ, ದಾರದ ಬಣ್ಣ ಏನು, ಹೃದಯದ ಗೆರೆ ಎಲ್ಲಿ ಕಡಿದಿದೆ, ಎಲ್ಲವೂ ತಾಳೆ ಆಗಬೇಕು. ಒಂದೊಂದು ಕೈಯ ಹೊಲಿಗೆ ಒಂದೊಂದು ಥರ. ಸಹಿಯನ್ನು ಕದಿಯಬಹುದು, ಕೌದಿಯ ಹೊಲಿಗೆಯನ್ನು ನಕಲು ಮಾಡುವುದು ಕಷ್ಟ.

ಎಂಟು ವರ್ಷ ನಾಲ್ಕು ತಿಂಗಳು

ಸಂಸ್ಥೆಗೆ ಬಂದ ಮಗುವನ್ನು ಲಂಡನ್ನಿನಲ್ಲೇ ಇಡುತ್ತಿರಲಿಲ್ಲ. ಹಳ್ಳಿಗಳಲ್ಲಿ ಹಾಲೂಡಿಸುವ ಹೆಂಗಸರ ಹತ್ತಿರ ಕಳಿಸುತ್ತಿದ್ದರು. ಸುಮಾರು ಐದು ವರ್ಷದವರೆಗೆ ಮಗುವಿಗೆ ಅವಳೇ ತಾಯಿ. ಆಮೇಲೆ ಅಲ್ಲಿಂದಲೂ ಕಿತ್ತು ಲಂಡನ್ನಿಗೆ ತಂದು ಕಂದು ಬಣ್ಣದ ಸಮವಸ್ತ್ರ ಹಾಕಿಸಿ ಓದು ಮತ್ತು ಕೈಕೆಲಸ ಕಲಿಸುತ್ತಿದ್ದರು. ಅಂದರೆ ಒಂದು ಮಗು ಎರಡು ಸಲ ತಾಯಿಯನ್ನು ಕಳೆದುಕೊಳ್ಳುತ್ತಿತ್ತು. ಸಮವಸ್ತ್ರದಲ್ಲಿ ಎಲ್ಲರೂ ಒಂದೇ ಥರ ಕಾಣುತ್ತಿದ್ದರು. ಸ್ವಲ್ಪ ದೊಡ್ಡವರಾದ ಮೇಲೆ ಗಂಡುಮಕ್ಕಳನ್ನು ಕಸುಬಿಗೋ ಸಮುದ್ರದ ಕೆಲಸಕ್ಕೋ, ಹೆಣ್ಣುಮಕ್ಕಳನ್ನು ಮನೆಗೆಲಸಕ್ಕೋ ಕರಾರು ಮಾಡಿ ಬಿಡುತ್ತಿದ್ದರು. ಆ ಕರಾರು ಪತ್ರವೂ ಇಂಡೆಂಚರ್ರೇ. ಹಲ್ಲಿನ ಅಂಚಿನದು.

ತಾಯಿ ವಾಪಸ್ ಬರುವುದು ತೀರಾ ಅಪರೂಪ. 1741ರಿಂದ 1760ರವರೆಗೆ ಬಂದ 16,282 ಮಕ್ಕಳಲ್ಲಿ ಹೆತ್ತವರು ಬಂದು ಬಿಡಿಸಿಕೊಂಡದ್ದು 152 ಮಕ್ಕಳನ್ನು. ನೂರಕ್ಕೆ ಒಂದೂ ಇಲ್ಲ. ಎಷ್ಟೋ ತಾಯಂದಿರು ಬರುವ ಹೊತ್ತಿಗೆ ಮಗುವೇ ಬದುಕಿರಲಿಲ್ಲ. ಉಳಿದವರಿಗೆ ಬಡತನವೇ ಬಿಡಲಿಲ್ಲ. ಗುಂಡುಪಿನ್ನು ಚುಚ್ಚಿದ್ದ ಆ ಸಾವಿರಾರು ತುಂಡುಗಳಲ್ಲಿ ಹೆಚ್ಚಿನವು ಯಾರಿಗಾಗಿ ಕಾದಿದ್ದವೋ ಅವರು ಬರಲೇ ಇಲ್ಲ.

ಸಾರಾ ಬೆಂಡರ್ ಬಂದಳು. 1775ರ ಜೂನ್ 10ರಂದು. ಮಗನಿಗೆ ಆಗ ಎಂಟು ದಾಟಿತ್ತು. ಅವಳು ಅವನನ್ನು ಬಿಡಿಸಿಕೊಂಡು ಹೋದಳು.

ಕಡತದಲ್ಲಿ ಇದು ಒಂದು ತಾರೀಖು ಅಷ್ಟೇ. ನಾನು ಆ ತಾರೀಖಿನ ಮುಂದೆ ಬಹಳ ಹೊತ್ತು ಕೂತಿದ್ದೇನೆ. ಬೆಂಜಮಿನ್ ಅಂತ ಕರೆದರೆ ತಿರುಗಿ ನೋಡಲು ಕಲಿತ ಹುಡುಗ. ಚಾರ್ಲ್ಸ್ ಅಂತ ಕರೆಯುವ ಹೆಂಗಸು. ಇಬ್ಬರ ನಡುವೆ ಒಂದು ಪಟ್ಟಿ ಬಟ್ಟೆ.

ಪಿನ್ನು ಕಿತ್ತಾಗ ಏನಾಯಿತು

ಈ ಕತೆಗೆ ಇನ್ನೊಂದು ತಿರುವು ಇದೆ. ದಾಖಲೆಗಳ ಕೆಲಸ ಮಾಡುವವರು ಇದನ್ನು ಓದಲೇಬೇಕು.

ನೂರು ವರ್ಷದ ನಂತರ, 1860ರ ದಶಕದಲ್ಲಿ, ಸಂಸ್ಥೆಯವರು ಹಳೆ ಕಡತ ಬಿಚ್ಚಿ ಅದರೊಳಗಿನ ನಾಣ್ಯ, ಪದಕ, ಉಂಗುರದಂಥ ವಸ್ತುಗಳನ್ನು ಹೊರಗೆ ತೆಗೆದು ಪ್ರದರ್ಶನಕ್ಕೆ ಇಟ್ಟರು. ಆಗ ಸಂಸ್ಥೆಯ ಕಾರ್ಯದರ್ಶಿಯಾಗಿದ್ದವರು ಜಾನ್ ಬ್ರೌನ್ಲೋ. ಅವರೇ ಅಲ್ಲಿ ಬೆಳೆದ ಮಗು. ಜನರು ನೋಡಲಿ, ಮರುಗಲಿ ಅನ್ನುವುದು ಆಸೆ. ಜನರು ನೋಡಿದರು, ಮರುಗಿದರು. ಆದರೆ ಕಡತದಿಂದ ಹೊರಗೆ ಬಂದ ಗಳಿಗೆಯಲ್ಲಿ ಆ ನಾಣ್ಯಗಳು ಯಾವ ಮಗುವಿನವು ಅನ್ನುವುದು ತಪ್ಪಿಹೋಯಿತು. ಒಂದು ಕಾಲಕ್ಕೆ ಒಬ್ಬ ತಾಯಿಗೆ ಒಬ್ಬ ಮಗನನ್ನು ತೋರಿಸಿಕೊಡಬಲ್ಲ ನಾಣ್ಯ ಈಗ ಬರೀ ಹಳೇ ನಾಣ್ಯ. ಯಾವುದು ಯಾರದ್ದು ಅಂತ ಮತ್ತೆ ಹೊಂದಿಸಲು ಈಚಿನ ಸಂಶೋಧಕರು ವರ್ಷಗಟ್ಟಲೆ ಕೂತು ಕಡತ ತಿರುವಬೇಕಾಯಿತು.

ಬಟ್ಟೆಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಚಿಂದಿ ತಾನೆ. ಗಾಜಿನ ಪೆಟ್ಟಿಗೆಯಲ್ಲಿ ಇಡಲು ಅದರಲ್ಲಿ ಹೊಳಪು ಇರಲಿಲ್ಲ. ಹಾಗಾಗಿ ಚುಚ್ಚಿದ ಜಾಗದಲ್ಲೇ, ಫಾರಮ್ಮಿನ ಜೊತೆಯೇ ಉಳಿಯಿತು. ಪುಸ್ತಕದೊಳಗೆ ಬೆಳಕು ತಾಗದೆ ಕೂತಿದ್ದರಿಂದ ಬಣ್ಣವೂ ಮಾಸಲಿಲ್ಲ. ಇವತ್ತು ಆ ಪುಟ ತೆರೆದರೆ ಕೆಂಪು ಕೆಂಪಾಗಿಯೇ ಇದೆ, ನೀಲಿ ನೀಲಿಯಾಗಿಯೇ ಇದೆ. 2010ರಲ್ಲಿ ಜವಳಿ ಇತಿಹಾಸಕಾರ ಜಾನ್ ಸ್ಟೈಲ್ಸ್ ಲಂಡನ್ನಿನ ಫೌಂಡ್ಲಿಂಗ್ ಮ್ಯೂಸಿಯಂನಲ್ಲಿ ಈ ತುಂಡುಗಳ ಪ್ರದರ್ಶನ ಮಾಡಿದಾಗ ಪುಸ್ತಕಗಳನ್ನು ಪುಸ್ತಕಗಳಾಗಿಯೇ ಇಟ್ಟು, ಬಟ್ಟೆಯನ್ನು ಅದರ ಫಾರಮ್ಮಿನ ಜೊತೆಗೇ ತೋರಿಸಿದರು. ನನ್ನ ದೃಷ್ಟಿಯಲ್ಲಿ ಅದೇ ಸರಿ. ಬಟ್ಟೆಯನ್ನು ಕಿತ್ತು ಚೌಕಟ್ಟು ಹಾಕಿದ್ದರೆ ಚೆಂದದ ವಸ್ತು ಸಿಗುತ್ತಿತ್ತು, ಮಗು ಮತ್ತೊಮ್ಮೆ ಕಳೆದುಹೋಗುತ್ತಿತ್ತು. ಫಾರಮ್ಮನ್ನು ಮಾತ್ರ ಇಟ್ಟು ಬಟ್ಟೆ ಎಸೆದಿದ್ದರೆ ಒಂದು ನಂಬರು ಸಿಗುತ್ತಿತ್ತು.

ಜವಳಿ ಕಲೆ ಮಾಡುವ ಕಿರಿಯರು ಕೆಲವರು ಈಗ ಹಳೆ ಛಾಪಾ ಕಾಗದ, ರೇಷನ್ ಕಾರ್ಡಿನ ಪ್ರತಿ, ಶಾಲೆಯ ವರ್ಗಾವಣೆ ಪತ್ರದ ಮೇಲೆ ಹೊಲಿಗೆ ಹಾಕುತ್ತಾರೆ. ಅವರಿಗೆ ನಾನು ಈ ಪ್ರಕರಣವನ್ನು ತೋರಿಸುವುದು ಒಂದೇ ಕಾರಣಕ್ಕೆ. ಇಲ್ಲಿ ಹೊಲಿಗೆ ಕಾಗದದ ಮೇಲಿನ ಅಲಂಕಾರವಾಗಿ ಬಂದಿಲ್ಲ, ಕಾಗದವನ್ನು ಬೈಯಲೂ ಬಂದಿಲ್ಲ. ಫಾರಮ್ಮಿನಲ್ಲಿ ಇಲ್ಲದ ಒಂದು ಸಾಲನ್ನು ತುಂಬಿದೆ. ತುಂಬಿದ್ದನ್ನು ಸಂಸ್ಥೆಯೂ ಒಪ್ಪಿಕೊಂಡಿದೆ, ಜೋಪಾನ ಮಾಡಿದೆ, ಎಂಟು ವರ್ಷದ ಮೇಲೆ ಅದಕ್ಕೆ ಮಾತು ಉಳಿಸಿಕೊಂಡಿದೆ. ಆ ಗುಮಾಸ್ತನ ಬಗ್ಗೆಯೂ ನನಗೆ ಗೌರವ ಇದೆ. ಚಿಂದಿ ಅಂತ ಬಿಸಾಡದೆ ನೇರವಾಗಿ ಚುಚ್ಚಿ, ನಂಬರು ಸರಿಯಾಗಿ ಬರೆದವನು ಅವನು.

ಬರಬರುತ್ತಾ ಸಂಸ್ಥೆ ತಾಯಂದಿರಿಗೆ ರಸೀದಿ ಕೊಡಲು ಶುರು ಮಾಡಿತು. ರಸೀದಿಯಲ್ಲಿ ನಂಬರು, ತಾರೀಖು ಇರುತ್ತಿತ್ತು. ಅದು ಅನುಕೂಲ, ತಪ್ಪು ಕಡಿಮೆ. ಬಟ್ಟೆ ಬೇಕಾಗಲಿಲ್ಲ. ಆಮೇಲಿನ ಪುಸ್ತಕಗಳಲ್ಲಿ ಪುಟಗಳು ಬರೀ ಪುಟಗಳು.

16516ರ ಪುಟದಲ್ಲಿ ಮಾತ್ರ ಆ ಪಟ್ಟಿ ಈಗಲೂ ಇದೆ, ಕೆಂಪು ದಾರದ ಹೃದಯದ ಒಂದು ಬದಿ. ಇನ್ನೊಂದು ಬದಿ ಅವಳ ಜೊತೆ ಹೋಯಿತು.